ಟ್ಯಾಂಕರ್ ದರ ಏರಿದ್ದು ಮೆಟ್ಟಿಲಿನಂತೆ, ಗ್ರಾಫ್ ತೋರಿಸಿದ್ದು ಇಳಿಜಾರು

ಪ್ರಶ್ನೆ: ಕನಕಪುರ ರಸ್ತೆ ಕಡೆಯ ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನ ಲೆಕ್ಕಪತ್ರ ನನ್ನ ಕೈಯಲ್ಲಿದೆ. 2024ರಲ್ಲಿ ಬೋರ್‌ವೆಲ್ ಕೈಕೊಟ್ಟ ಮೇಲೆ 12,000 ಲೀಟರಿನ ಟ್ಯಾಂಕರ್ ತರಿಸುತ್ತಿದ್ದೆವು. ದರ ಬದಲಾದಾಗಲೆಲ್ಲ ತಾರೀಖು ಹಾಕಿ ಬರೆದಿಟ್ಟಿದ್ದೇನೆ: ಜನವರಿ 1ಕ್ಕೆ 900 ರೂಪಾಯಿ, ಫೆಬ್ರವರಿ 12ಕ್ಕೆ 1,300, ಮಾರ್ಚ್ 1ಕ್ಕೆ 1,800, ಮಾರ್ಚ್ 11ಕ್ಕೆ 1,200, ಜೂನ್ 3ಕ್ಕೆ 1,000. ಜೂನ್ 30ರ ತನಕದ ಲೆಕ್ಕ. ಇದನ್ನು ಆರ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಗ್ರಾಫ್ ಮಾಡಿ ಮೀಟಿಂಗ್‌ನಲ್ಲಿ ತೋರಿಸಿದರೆ ಗೆರೆ ಓರೆಯಾಗಿ ಹತ್ತಿ ಇಳಿದಿತ್ತು. "ದಿನಾ ಇಷ್ಟಿಷ್ಟೇ ಏರಿಸ್ತಾ ಇದ್ರೆ ನೀವೇನ್ ಮಾಡ್ತಿದ್ರಿ?" ಎಂದು ಒಬ್ಬರು ಕೇಳಿಯೇಬಿಟ್ಟರು. ಮೆಟ್ಟಿಲಿನ ಥರ ಬರಲಿ ಎಂದು ಪ್ಲಾಟ್‌ನ ಟೈಪ್‌ಗೆ ಸ್ಮಾಲ್ ಎಸ್ ಕೊಟ್ಟೆ, ಜೂನ್‌ನ 1,000 ಕಾಣಲಿಲ್ಲ. ಕ್ಯಾಪಿಟಲ್ ಎಸ್ ಕೊಟ್ಟೆ, 1,000 ಬಂತು, ಜನವರಿಯ 900 ಮಾಯ. ಆರ್‌ಗೆ ಸೇರಿಸಿಕೊಳ್ಳುವ ಗ್ರಾಫ್ ಪ್ಯಾಕೇಜ್ ಜಿಜಿಪ್ಲಾಟ್2ನ ಜಿಯೋಮ್ ಸ್ಟೆಪ್‌ನಲ್ಲಿ ಖಾಲಿ ಚೌಕಟ್ಟು. ಮೆಟ್ಟಿಲಿನ ಫಂಕ್ಷನ್ ಕಟ್ಟಿಕೊಡುವ ಸ್ಟೆಪ್‌ಫನ್‌ನಲ್ಲಿ ಎರರ್. ಯಾವುದನ್ನು ನಂಬಲಿ? ಮೆಟ್ಟಿಲ ಕೆಳಗೆ ಬಣ್ಣ ತುಂಬಿ ಒಟ್ಟು ಖರ್ಚು ಇಷ್ಟು ಎಂದು ತೋರಿಸಬಹುದೇ?

ಉತ್ತರ: ನಿಮ್ಮ ಮಾಹಿತಿ ಸರಿಯಾಗಿದೆ. ಆರ್ ಕೂಡ ಎಲ್ಲೂ ತಪ್ಪಿಲ್ಲ. ಐದು ತಾರೀಖು, ಐದು ದರ ಕೊಟ್ಟಿದ್ದೀರಿ. ಎರಡು ತಾರೀಖುಗಳ ನಡುವೆ ಏನಾಯಿತು ಎಂಬುದನ್ನು ಮಾತ್ರ ಹೇಳಿಲ್ಲ. ಹೇಳದೆ ಬಿಟ್ಟದ್ದನ್ನು ಒಂದೊಂದು ಕಮಾಂಡೂ ತನಗೆ ತೋಚಿದಂತೆ ತುಂಬಿಕೊಂಡಿದೆ. (ಕಮಾಂಡ್‌ಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ, ಕಂಪ್ಯೂಟರಿನಲ್ಲಿ ಅವು ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು.)

ಮೊದಲು ಆ ಓರೆ ಗೆರೆಯ ವಿಷಯ. ಟೈಪ್‌ಗೆ ಸ್ಮಾಲ್ ಎಲ್ ಕೊಟ್ಟರೆ ಪ್ಲಾಟ್ ಒಂದು ಬಿಂದುವಿನಿಂದ ಇನ್ನೊಂದಕ್ಕೆ ನೇರ ಗೆರೆ ಎಳೆಯುತ್ತದೆ, ಅಷ್ಟೇ. ಫೆಬ್ರವರಿ 12ರಿಂದ ಮಾರ್ಚ್ 1ಕ್ಕೆ 18 ದಿನ. ನಟ್ಟನಡುವಿನ ಫೆಬ್ರವರಿ 21ರಂದು ನಿಮ್ಮ ಗೆರೆ 1,550 ರೂಪಾಯಿ ತೋರಿಸುತ್ತದೆ. ಆ ದರಕ್ಕೆ ಯಾರೂ ಟ್ಯಾಂಕರ್ ತಂದಿಲ್ಲ, ನೀವು ಕೊಟ್ಟದ್ದು 1,300. ಏಪ್ರಿಲ್ 22ಕ್ಕೆ ಬನ್ನಿ: ಗೆರೆ 1,100 ಅನ್ನುತ್ತದೆ, ಕೊಟ್ಟದ್ದು 1,200. ಮೀಟಿಂಗ್‌ನಲ್ಲಿ ಪ್ರಶ್ನೆ ಎತ್ತಿದವರು ಗ್ರಾಫನ್ನು ಸರಿಯಾಗಿಯೇ ಓದಿದ್ದಾರೆ. ಗ್ರಾಫ್ ಹೇಳಿದ್ದೇ ಹಾಗೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಓಡಾಡುತ್ತಿರುತ್ತದೆ: ಬಿಂದುಗಳನ್ನು ಹೆಚ್ಚಿಸಿದರೆ ಮೆಟ್ಟಿಲು ತಾನಾಗಿ ಬರುತ್ತದೆ ಅನ್ನುವುದು. ಕರ್ವ್ ಕಮಾಂಡ್‌ಗೆ ಮೆಟ್ಟಿಲಿನ ಫಂಕ್ಷನ್ ಕೊಟ್ಟವರಿಗೆ ಈ ಅನುಭವ ಆಗಿರುತ್ತದೆ. ಅದು ಬೇರೆ ಹೇಳದಿದ್ದರೆ 101 ಬಿಂದುಗಳಲ್ಲಿ ಬೆಲೆ ಕಂಡುಹಿಡಿದು, ಅವನ್ನು ಮತ್ತೆ ನೇರ ಗೆರೆಯಿಂದಲೇ ಜೋಡಿಸುತ್ತದೆ. ನಿಮ್ಮ 182 ದಿನಗಳ ಅವಧಿಗೆ ಬಿಂದುವಿನಿಂದ ಬಿಂದುವಿಗೆ 1.82 ದಿನದ ಅಂತರ. ಅಂದರೆ ಜಿಗಿತವೊಂದು ಸುಮಾರು ಎರಡು ದಿನ ಹತ್ತಿದಂತೆ ಕಾಣುತ್ತದೆ. ಬಿಂದುಗಳನ್ನು 1,001ಕ್ಕೆ ಏರಿಸಿದರೆ ಓರೆ ಕಡಿದಾಗುತ್ತದೆ, ಓರೆ ಹೋಗುವುದಿಲ್ಲ.

ಇನ್ನು ಸ್ಮಾಲ್ ಎಸ್ ಮತ್ತು ಕ್ಯಾಪಿಟಲ್ ಎಸ್. ಇಡೀ ಗೊಂದಲದ ಬೇರು ಇಲ್ಲಿದೆ.

ಸ್ಮಾಲ್ ಎಸ್ ಮೊದಲು ಅಡ್ಡ ಹೋಗಿ ಆಮೇಲೆ ನೆಟ್ಟಗೆ ಏರುತ್ತದೆ ಅಥವಾ ಇಳಿಯುತ್ತದೆ. ಜನವರಿ 1ರ 900 ಅಡ್ಡಗೆರೆಯಾಗಿ ಫೆಬ್ರವರಿ 12ರ ತನಕ ಸಾಗಿ, ಅಲ್ಲಿ 1,300ಕ್ಕೆ ಜಿಗಿಯುತ್ತದೆ. ಕ್ಯಾಪಿಟಲ್ ಎಸ್ ಮೊದಲು ನೆಟ್ಟಗೆ, ಆಮೇಲೆ ಅಡ್ಡ. ಜನವರಿ 1ರಂದೇ 1,300ಕ್ಕೆ ಹಾರಿ, ಅದೇ ಮಟ್ಟದಲ್ಲಿ ಫೆಬ್ರವರಿ 12ಕ್ಕೆ ಬರುತ್ತದೆ. ಹಾಗಾಗಿ 900 ಮೊದಲ ನೆಟ್ಟಗೆರೆಯ ಬುಡದಲ್ಲಿ ಒಂದು ತುದಿಯಾಗಿ ಮಾತ್ರ ಉಳಿಯಿತು, ನಿಮಗೆ ಮಾಯವಾದಂತೆ ಕಂಡಿತು. ಕ್ಯಾಪಿಟಲ್ ಎಸ್‌ನಲ್ಲಿ 1,000 ಬಂತು ಎಂದು ಬರೆದಿದ್ದೀರಿ. ಬಂದಿರುವುದು ಮಾರ್ಚ್ 11ರಿಂದ ಜೂನ್ 3ರ ಮೇಲೆ, ಅಂದರೆ ನೀವು 1,200 ಕೊಡುತ್ತಿದ್ದ ದಿನಗಳ ಮೇಲೆ. ಒಂದೊಂದು ದರವೂ ಒಂದೊಂದು ಮನೆ ಹಿಂದಕ್ಕೆ ಸರಿದು ಕೂತಿದೆ.

ಯಾವುದು ಸರಿ ಎಂದು ತೀರ್ಮಾನಿಸಲು ಗಣಿತದ ಪುಸ್ತಕ ಬೇಡ. ನಿಮ್ಮ ಸಾಲನ್ನು ಬಾಯಿಬಿಟ್ಟು ಓದಿ, ಕೊನೆಯಲ್ಲಿ "ಇಂದ" ಬರುತ್ತದೋ "ವರೆಗೆ" ಬರುತ್ತದೋ ನೋಡಿ. "ಫೆಬ್ರವರಿ 12ರಿಂದ 1,300" ಎನ್ನುವುದಾದರೆ ಬೆಲೆ ಆ ತಾರೀಖಿನ ಮುಂದಿನ ಅವಧಿಗೆ ಸೇರಿದ್ದು: ಸ್ಮಾಲ್ ಎಸ್. ಬೆಸ್ಕಾಂ ಬಿಲ್ಲಿನ ಯೂನಿಟ್ ಲೆಕ್ಕ ಇದಕ್ಕೆ ಉಲ್ಟಾ. ರೀಡಿಂಗ್ ತೆಗೆದ ದಿನದ ಮುಂದೆ ಬರೆದ ದಿನದ ಸರಾಸರಿ ಬಳಕೆ ಹಿಂದಿನ ರೀಡಿಂಗ್‌ನಿಂದ ಆ ದಿನದ ವರೆಗಿನದು: ಅದಕ್ಕೆ ಕ್ಯಾಪಿಟಲ್ ಎಸ್. ಜಿಯೋಮ್ ಸ್ಟೆಪ್‌ನಲ್ಲಿ ಇದೇ ಆಯ್ಕೆ ಡೈರೆಕ್ಷನ್ ಎಂಬ ಹೆಸರಿನಲ್ಲಿದೆ: "ಎಚ್‌ವಿ" ಅಂದರೆ ಅಡ್ಡ ಮೊದಲು, "ವಿಎಚ್" ಅಂದರೆ ನೆಟ್ಟಗೆ ಮೊದಲು. ಏನೂ ಹೇಳದಿದ್ದರೆ ಎಚ್‌ವಿ. "ಮಿಡ್" ಎಂಬ ಮೂರನೆಯದೂ ಇದೆ, ಎರಡು ಬಿಂದುಗಳ ನಟ್ಟನಡುವೆ ಜಿಗಿಯುತ್ತದೆ. ದರಪಟ್ಟಿಗೆ ಅದು ಬೇಡವೇ ಬೇಡ.

ಸ್ಮಾಲ್ ಎಸ್‌ನಲ್ಲಿ ಜೂನ್‌ನ 1,000 ಕಾಣದ್ದಕ್ಕೆ ಕಾರಣ ಸರಳ. ಕೊನೆಯ ಬಿಂದುವಿನ ಮುಂದೆ ಇನ್ನೊಂದು ಬಿಂದು ಇಲ್ಲ, ಅಡ್ಡಗೆರೆ ಎಲ್ಲಿಯ ತನಕ ಎಳೆಯಬೇಕು ಎಂಬುದು ಅದಕ್ಕೆ ಗೊತ್ತಿಲ್ಲ. ಐದು ಬಿಂದು ಕೊಟ್ಟರೆ ನಾಲ್ಕು ಅಡ್ಡಗೆರೆ ಸಿಗುತ್ತವೆ. ಜಿಯೋಮ್ ಸ್ಟೆಪ್‌ನದ್ದೂ ಇದೇ ಕಥೆ. ಆರನೆಯ ಸಾಲೊಂದನ್ನು ಸೇರಿಸಿ: ಜುಲೈ 1, ದರ ಅದೇ 1,000. ಜೂನ್ 30 ಬೇಡ, ಜುಲೈ 1 ಹಾಕಿ. ಜೂನ್ 30 ಹಾಕಿದರೆ ಆ ಕೊನೆಯ ಒಂದು ದಿನ ಗೆರೆಯಿಂದ ಹೊರಗುಳಿಯುತ್ತದೆ, ದಿನ ಎಣಿಸುವಾಗ 182ರ ಬದಲು 181 ಬಂದು ತಲೆ ಕೆರೆದುಕೊಳ್ಳುತ್ತೀರಿ. ಒಂದೇ ಎಚ್ಚರಿಕೆ: ದರ ಬದಲಾದ ಕಡೆ ಚುಕ್ಕೆ ಇಡುವುದಾದರೆ ಈ ಆರನೆಯ ಸಾಲಿಗೆ ಇಡಬೇಡಿ. ಇಟ್ಟರೆ ಜುಲೈ 1ಕ್ಕೂ ಏನೋ ಬದಲಾಯಿತು ಎಂದು ಓದುವವರು ತಿಳಿಯುತ್ತಾರೆ.

ಖಾಲಿ ಚೌಕಟ್ಟಿಗೆ ನಿಮ್ಮ ತಾರೀಖುಗಳೇ ಕಾರಣ ಎಂಬುದು ಹೆಚ್ಚುಕಡಿಮೆ ಖಚಿತ. ಎಕ್ಸೆಲ್‌ನಿಂದ ಬಂದ "12-02-2024" ಆರ್‌ಗೆ ತಾರೀಖಲ್ಲ, ಬರೀ ಅಕ್ಷರಗಳ ಸಾಲು. ಅಕ್ಷರ ಕೊಟ್ಟರೆ ಜಿಜಿಪ್ಲಾಟ್2 ಪ್ರತಿ ತಾರೀಖನ್ನೂ ಒಂದು ಬೇರೆ ಗುಂಪೆಂದು ಎಣಿಸುತ್ತದೆ. ಗುಂಪಿಗೆ ಒಂದೇ ಬಿಂದು ಇದ್ದ ಮೇಲೆ ಗೆರೆ ಎಲ್ಲಿಂದ ಬರಬೇಕು? ಇದಕ್ಕೆ ಸಿಗುವ ಜನಪ್ರಿಯ ಮದ್ದು "ಗ್ರೂಪ್ = 1" ಎಂದು ಸೇರಿಸುವುದು. ಹಾಗೆ ಮಾಡಿದರೆ ಮೆಟ್ಟಿಲು ಬರುತ್ತದೆ, ತಪ್ಪು ಮೆಟ್ಟಿಲು. ಅಕ್ಷರಗಳ ಅನುಕ್ರಮದಲ್ಲಿ 01-01, 01-03, 03-06, 11-03, 12-02 ಎಂದು ಸಾಲುಗಟ್ಟಿ, ದರಗಳು 900, 1,800, 1,000, 1,200, 1,300 ಎಂದು ಓಡಾಡುತ್ತವೆ. ಜತೆಗೆ 10 ದಿನದ ಅವಧಿಯೂ 84 ದಿನದ ಅವಧಿಯೂ ಒಂದೇ ಅಗಲ. ಖಾಲಿ ಚೌಕಟ್ಟೇ ವಾಸಿ, ಅದು ಸುಳ್ಳನ್ನಾದರೂ ಹೇಳುವುದಿಲ್ಲ.

ಸರಿಯಾದ ದಾರಿ ಆಸ್ ಡೇಟ್ ಕಮಾಂಡ್, ಆದರೆ ಫಾರ್ಮ್ಯಾಟ್ ಹೇಳಿಯೇ ಬಳಸಬೇಕು. ಹೇಳದಿದ್ದರೆ ಅದು ವರ್ಷ ಮೊದಲು ಬಂದಿದೆ ಎಂದುಕೊಂಡು "12-02-2024" ಅನ್ನು ಕ್ರಿಸ್ತಶಕ 12ನೇ ವರ್ಷದ ಫೆಬ್ರವರಿ 20 ಎಂದು ಓದುತ್ತದೆ. 2024ರ ಮೊದಲ ಎರಡು ಅಂಕಿ ದಿನವಾಗಿಬಿಟ್ಟಿತು. ಎರರ್ ಇಲ್ಲ, ಎಚ್ಚರಿಕೆಯೂ ಇಲ್ಲ. ಎಲ್ಲ ತಾರೀಖುಗಳೂ 20 ಆಗಿ ಕಂಡರೆ ರೋಗ ಇದೇ ಎಂದು ತಿಳಿಯಿರಿ. ಫಾರ್ಮ್ಯಾಟ್‌ನಲ್ಲಿ ದಿನಕ್ಕೆ ಸ್ಮಾಲ್ ಡಿ, ತಿಂಗಳಿಗೆ ಸ್ಮಾಲ್ ಎಂ, ವರ್ಷಕ್ಕೆ ಕ್ಯಾಪಿಟಲ್ ವೈ, ಪ್ರತಿಯೊಂದರ ಮುಂದೆಯೂ ಶೇಕಡಾ ಚಿಹ್ನೆ, ನಡುವೆ ನಿಮ್ಮ ಫೈಲಿನಲ್ಲಿರುವ ಅಡ್ಡಗೀಟು. ಸ್ಮಾಲ್ ವೈ ಹಾಕಿದರೆ ವರ್ಷದ ಎರಡೇ ಅಂಕಿ ಓದಿ ನಿಮ್ಮನ್ನು 2020ಕ್ಕೆ ಕಳಿಸುತ್ತದೆ. ಮಾಡಿದ ಮೇಲೆ ರೇಂಜ್ ಕಮಾಂಡ್‌ನಿಂದ ಮೊದಲ ಮತ್ತು ಕೊನೆಯ ತಾರೀಖು ನೋಡಿಕೊಳ್ಳಿ.

ತಾರೀಖಿನ ಪ್ರಕಾರ ಸಾಲುಗಳನ್ನು ಜೋಡಿಸುವುದನ್ನೂ ಮರೆಯಬೇಡಿ. ಜಿಯೋಮ್ ಸ್ಟೆಪ್ ತಾನೇ ಜೋಡಿಸಿಕೊಳ್ಳುತ್ತದೆ. ಪ್ಲಾಟ್ ಹಾಗಲ್ಲ, ಫೈಲಿನಲ್ಲಿ ಇದ್ದ ಕ್ರಮದಲ್ಲೇ ಎಳೆಯುತ್ತಾ ಹಿಂದಕ್ಕೂ ಹೋಗುತ್ತದೆ. ಸ್ಟೆಪ್‌ಫನ್ ಮಾತ್ರ ಏರಿಕೆಯ ಕ್ರಮದಲ್ಲಿಲ್ಲ ಎಂದು ಕೆಲಸವನ್ನೇ ನಿಲ್ಲಿಸುತ್ತದೆ.

ನಿಮ್ಮ ಸ್ಟೆಪ್‌ಫನ್ ಎರರ್ ಬಹುಶಃ ಅದಲ್ಲ. ಅದಕ್ಕೆ ಐದು ತಾರೀಖು, ಐದು ದರ ಕೊಟ್ಟಿರುತ್ತೀರಿ. ಅದು ಕೇಳುವುದು ಜಿಗಿತಗಳನ್ನು, ಮತ್ತು ಜಿಗಿತಕ್ಕಿಂತ ಒಂದು ಹೆಚ್ಚು ಬೆಲೆಯನ್ನು. ನಾಲ್ಕು ಕಡೆ ಕತ್ತರಿಸಿದರೆ ಹಗ್ಗ ಐದು ತುಂಡಾಗುವ ಲೆಕ್ಕ. ಜನವರಿ 1 ಜಿಗಿತವಲ್ಲ, ನಿಮ್ಮ ದಾಖಲೆ ಶುರುವಾದ ದಿನ. ಅದನ್ನು ತೆಗೆದು ಹೀಗೆ ಕೊಡಿ:

ಜಿಗಿತ = ಫೆಬ್ರವರಿ 12, ಮಾರ್ಚ್ 1, ಮಾರ್ಚ್ 11, ಜೂನ್ 3
ದರ = 900, 1300, 1800, 1200, 1000
ಎಫ್ = ಸ್ಟೆಪ್‌ಫನ್(ಜಿಗಿತ, ದರ)

ಜಿಗಿತದ ತಾರೀಖುಗಳನ್ನು ಆಸ್ ನ್ಯೂಮರಿಕ್‌ನಿಂದ ಸಂಖ್ಯೆ ಮಾಡಿಕೊಳ್ಳಿ. ಆರ್ ತಾರೀಖನ್ನು 1970ರ ಜನವರಿ 1ರಿಂದ ಎಣಿಸಿದ ದಿನವಾಗಿ ಇಟ್ಟುಕೊಳ್ಳುತ್ತದೆ. 2024ರ ಜನವರಿ 1 ಅಂದರೆ 19723, ಫೆಬ್ರವರಿ 12 ಅಂದರೆ 19765. ಗ್ರಾಫಿನ ಕೆಳಗೆ ಈ ಸಂಖ್ಯೆಗಳೇ ಕಾಣಿಸುತ್ತವೆ, ಆದ್ದರಿಂದ ಎಕ್ಸ್ ಅಕ್ಷವನ್ನು ಮೊದಲು ಮುಚ್ಚಿ, ಆಕ್ಸಿಸ್ ಕಮಾಂಡ್‌ನಲ್ಲಿ ತಿಂಗಳ ಹೆಸರುಗಳನ್ನು ನೀವೇ ಬರೆಯಬೇಕು. ಈ ಕಿರಿಕಿರಿಗೆ ಪ್ರತಿಫಲವೂ ಇದೆ. ಎಫ್ ಈಗ ನಿಜವಾದ ಫಂಕ್ಷನ್, ಯಾವ ದಿನ ಕೊಟ್ಟರೂ ಆ ದಿನದ ದರ ಹೇಳುತ್ತದೆ. ಮಾರ್ಚ್ 1 ಕೊಟ್ಟರೆ 1,800, ಫೆಬ್ರವರಿ 29 ಕೊಟ್ಟರೆ 1,300. ಅದರ ಅಪಾಯ ಪ್ಲಾಟ್‌ನ ಅಪಾಯಕ್ಕೆ ತದ್ವಿರುದ್ಧ: ಇದು ಎರಡೂ ಕಡೆ ಗೆರೆಯನ್ನು ಚೌಕಟ್ಟಿನ ಅಂಚಿನ ತನಕ ಎಳೆದುಬಿಡುತ್ತದೆ. ಹಿಂದಿನ ಡಿಸೆಂಬರ್‌ನಲ್ಲೂ 900 ಇತ್ತು, ಆಗಸ್ಟ್‌ನಲ್ಲೂ 1,000 ಇರುತ್ತದೆ ಎಂಬ ಭರವಸೆ ನೀವು ಕೊಟ್ಟಿಲ್ಲವಷ್ಟೆ. ಎಕ್ಸ್‌ಲಿಮ್ (ಎಕ್ಸ್ ಅಕ್ಷದ ಎರಡು ತುದಿ) ಅನ್ನು ಜನವರಿ 1ರಿಂದ ಜುಲೈ 1ಕ್ಕೆ ಕಟ್ಟಿ, ಅದಕ್ಕೂ ಮೊದಲು ಗ್ರಾಫಿನ ಸೆಟ್ಟಿಂಗ್ ಬದಲಿಸುವ ಪಾರ್ ಕಮಾಂಡ್‌ನಲ್ಲಿ ಎಕ್ಸ್‌ಎಎಕ್ಸ್‌ಎಸ್‌ಗೆ "ಐ" ಕೊಡಿ. ಇಲ್ಲದಿದ್ದರೆ ಆರ್ ಎರಡೂ ಕಡೆ ಶೇಕಡಾ 4ರಷ್ಟು ಜಾಗ ಬಿಟ್ಟು, ಅಲ್ಲಿಗೂ ಗೆರೆ ಹಬ್ಬಿಸುತ್ತದೆ.

ಜಿಗಿತದ ಜಾಗದಲ್ಲಿ ನೆಟ್ಟಗೆರೆ ಇರಬೇಕೇ? ಗಣಿತದ ಮೇಷ್ಟ್ರು ಕೂಡದು ಎನ್ನುತ್ತಾರೆ, ಒಂದೇ ದಿನಕ್ಕೆ ಎರಡು ದರ ಇರಲು ಸಾಧ್ಯವಿಲ್ಲವಲ್ಲ. ಸ್ಟೆಪ್‌ಫನ್‌ನ ಗ್ರಾಫ್ ಅದನ್ನು ತಾನಾಗಿ ಹಾಕುತ್ತದೆ. ವರ್ಟಿಕಲ್ಸ್ ಎಂಬ ಆಯ್ಕೆಯಿಂದ ಬೇಕಾದಂತೆ ಬದಲಿಸಬಹುದು. ಮೀಟಿಂಗ್‌ನಲ್ಲಿ ಗೋಡೆಯ ಮೇಲೆ ತೋರಿಸುವುದಾದರೆ ತೆಳು ಬೂದು ಬಣ್ಣದಲ್ಲಿ ಇರಲಿ ಎಂಬುದು ನನ್ನ ಅಭಿಪ್ರಾಯ, ಕಣ್ಣಿಗೆ ಒಂದು ಆಸರೆ. ಕಾಲ್ ವರ್ಟ್ ಆಯ್ಕೆ ಅದಕ್ಕೇ ಇದೆ. ಪ್ಲಾಟ್‌ನ ಎಸ್‌ಗಳಲ್ಲಿ ಇದು ಆಗದು, ಅಡ್ಡಗೆರೆಗೂ ನೆಟ್ಟಗೆರೆಗೂ ಒಂದೇ ಬಣ್ಣ.

ಈಗ "ವರೆಗೆ"ಗೆ ನಮ್ಮ ಊರಿನದೇ ಒಂದು ಉದಾಹರಣೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಖಾಸಗಿ ಟ್ಯಾಂಕರ್‌ಗಳಿಗೆ ದರ ನಿಗದಿ ಮಾಡಿತ್ತು. 5 ಕಿಲೋಮೀಟರ್ ವರೆಗೆ 6,000 ಲೀಟರಿಗೆ 600 ರೂಪಾಯಿ, 8,000ಕ್ಕೆ 700, 12,000ಕ್ಕೆ 1,000. 5ರಿಂದ 10 ಕಿಲೋಮೀಟರಿಗೆ ಕ್ರಮವಾಗಿ 750, 850, 1,200, ಜಿಎಸ್‌ಟಿ ಬೇರೆ. ಮಾರ್ಚ್ 11ರ ನಿಮ್ಮ 1,200 ಈ ಎರಡನೆಯ ಸಾಲಿನ ದರಕ್ಕೆ ಸರಿಹೊಂದುತ್ತದೆ. ಇದನ್ನು ದೂರದ ಮೇಲೆ ಗ್ರಾಫ್ ಮಾಡಿದರೆ ಒಂದೇ ಜಿಗಿತ, 5 ಕಿಲೋಮೀಟರಿನಲ್ಲಿ. ಸರಿಯಾಗಿ 5 ಕಿಲೋಮೀಟರಿನಿಂದ ಬಂದ 12,000 ಲೀಟರಿಗೆ ಎಷ್ಟು? "5ರ ವರೆಗೆ" ಅಂದ ಮೇಲೆ 1,000. ಆದರೆ ಸ್ಟೆಪ್‌ಫನ್‌ಗೆ ಏನೂ ಹೇಳದೆ ಬಿಟ್ಟರೆ ಅದು ಜಿಗಿದ ಮೇಲಿನ ಬೆಲೆಯನ್ನೇ ಹಿಡಿದು 1,200 ಎನ್ನುತ್ತದೆ. ರೈಟ್ ಎಂಬ ಆಯ್ಕೆಗೆ ಟ್ರೂ ಕೊಟ್ಟಾಗ 1,000 ಬರುತ್ತದೆ. ಆ ರೈಟ್‌ಗೆ ಬಲ ಅಂಚು ಅವಧಿಯ ಒಳಗೆ ಸೇರಿದೆ ಎಂದರ್ಥ, ಸರಿ ಎಂದಲ್ಲ.

ಇದೇ ಜಾಗದಲ್ಲಿ, ಸಂಖ್ಯೆಗಳನ್ನು ಅವಧಿಗಳಿಗೆ ಹಂಚುವ ಆರ್‌ನ ಎರಡು ಸೋದರ ಕಮಾಂಡ್‌ಗಳು ಪರಸ್ಪರ ಮಾತು ಬಿಟ್ಟಿವೆ. ಕಟ್ ತಾನಾಗಿ 5 ಅನ್ನು ಮೊದಲ ಅವಧಿಗೆ ಸೇರಿಸುತ್ತದೆ, ಫೈಂಡ್ ಇಂಟರ್ವಲ್ ಎರಡನೆಯದಕ್ಕೆ. ಒಂದರಲ್ಲಿ ಬಿಲ್ ಲೆಕ್ಕ ಹಾಕಿ, ಇನ್ನೊಂದರಲ್ಲಿ ಗ್ರಾಫ್‌ಗೆ ಮಾಹಿತಿ ತಯಾರಿಸಿದರೆ ಟ್ಯಾಂಕರಿಗೆ 200 ರೂಪಾಯಿ ವ್ಯತ್ಯಾಸ, ಅದೂ ಅಂಚಿನ ಮೇಲೆ ಬಿದ್ದವಕ್ಕೆ ಮಾತ್ರ. ಹುಡುಕಲು ಹೊರಟವರಿಗೆ ಬೇಗ ಸಿಗುವ ತಪ್ಪಲ್ಲ.

ಬಣ್ಣ ತುಂಬುವ ಬಗ್ಗೆ ಕೇಳಿದ್ದೀರಿ. ಜಿಯೋಮ್ ಏರಿಯಾ ಹಾಕಬೇಡಿ, ಅದರ ಮೇಲಂಚು ಮತ್ತೆ ಓರೆ. ಪ್ರತಿ ಅವಧಿಗೂ ಶುರು, ಕೊನೆ, ದರ ಎಂಬ ಮೂರು ಕಾಲಂ ಇರುವ ಪಟ್ಟಿ ಮಾಡಿ, ಜಿಯೋಮ್ ರೆಕ್ಟ್‌ನಿಂದ ಐದು ಆಯತ ಬರೆಯಿರಿ, ವೈ ಅಕ್ಷ ಸೊನ್ನೆಯಿಂದ. ಬರೀ ಗೆರೆ ಸಾಕು ಎಂದರೆ ಅದೇ ಪಟ್ಟಿಗೆ ಜಿಯೋಮ್ ಸೆಗ್ಮೆಂಟ್. ನಿಜ ಹೇಳಬೇಕೆಂದರೆ ಎಲ್ಲ ದಾರಿಗಳಲ್ಲಿ ನಾನು ನಿಮಗೆ ಹೇಳುವುದು ಇದನ್ನೇ. ಪ್ರತಿ ದರ ಎಲ್ಲಿಂದ ಎಲ್ಲಿಯವರೆಗೆ ಎಂಬುದು ಪಟ್ಟಿಯಲ್ಲೇ ಬರೆದಿರುವುದರಿಂದ ಯಾವ ಎಸ್ ಎಂಬ ಪ್ರಶ್ನೆಯೇ ಏಳುವುದಿಲ್ಲ, ಕೊನೆಯ ಮೆಟ್ಟಿಲೂ ಬೀಳುವುದಿಲ್ಲ. ಅಪಾಯ ಒಂದಿದೆ: ಒಂದು ಅವಧಿಯ ಕೊನೆಯೂ ಮುಂದಿನದರ ಶುರುವೂ ತಾಳೆಯಾಗದಿದ್ದರೆ ಕಮಾಂಡ್ ಚಕಾರ ಎತ್ತುವುದಿಲ್ಲ. ಒಂದರ ಮೇಲೊಂದು ಆಯತ ಕೂತರೂ ಕೂತೀತು. ನಿಮ್ಮ ಅವಧಿಗಳು 42, 18, 10, 84, 28 ದಿನ. ಕೂಡಿದರೆ 182 ಬರಬೇಕು.

ಆದರೆ ಆ ಬಣ್ಣದ ಜಾಗವೇ ಒಟ್ಟು ಖರ್ಚು ಎನ್ನಲು ಬರುವುದಿಲ್ಲ. ದಿನಕ್ಕೆ ಸರಿಯಾಗಿ ಒಂದೇ ಟ್ಯಾಂಕರ್ ಬಂದಿದ್ದರೆ ಮಾತ್ರ ಅದು ಖರ್ಚು: 2,08,000 ರೂಪಾಯಿ, ದಿನದ ಸರಾಸರಿ ಸುಮಾರು 1,143. (ಐದು ದರಗಳನ್ನು ಕೂಡಿ ಐದರಿಂದ ಭಾಗಿಸಿದವರಿಗೆ 1,240 ಬಂದಿರುತ್ತದೆ. ಹತ್ತೇ ದಿನ ಇದ್ದ 1,800ಕ್ಕೂ 84 ದಿನ ಇದ್ದ 1,200ಕ್ಕೂ ಒಂದೇ ತೂಕ ಕೊಟ್ಟಿದ್ದರ ಫಲ ಅದು.) ಇಲ್ಲಿ ಒಂದು ಮೋಸವಿದೆ, ಗಮನಿಸಿ. ಜೂನ್ 3ರ ತನಕ ಲೆಕ್ಕ ಹಾಕಿದರೆ ಸರಿಯಾದ ಮೆಟ್ಟಿಲು 1,80,000 ಕೊಡುತ್ತದೆ, ಓರೆ ಗೆರೆ 1,81,500, ಕ್ಯಾಪಿಟಲ್ ಎಸ್ 1,83,000. ಎಲ್ಲವೂ ಹತ್ತಿರ ಹತ್ತಿರ, ಗ್ರಾಫ್ ಹೇಗಿದ್ದರೇನು ಅನ್ನಿಸಬಹುದು. ದರ ಏರಿ ಇಳಿದದ್ದರಿಂದ ತಪ್ಪುಗಳು ಒಂದನ್ನೊಂದು ಹೊಡೆದುಕೊಂಡಿವೆ, ಅಷ್ಟೇ. ಫೆಬ್ರವರಿಯೊಂದನ್ನೇ ತೆಗೆಯಿರಿ: ಸರಿಯಾದ ಲೆಕ್ಕಕ್ಕೆ 11 ದಿನ 900, 18 ದಿನ 1,300, ಒಟ್ಟು 33,300. ಕ್ಯಾಪಿಟಲ್ ಎಸ್ ಪ್ರಕಾರ 46,700. ತಿಂಗಳ ಮೇಂಟೆನೆನ್ಸ್ ಬಿಲ್ಲಿನ ಮುಂದಿಟ್ಟರೆ 13,400 ರೂಪಾಯಿಗೆ ಜವಾಬು ಕೊಡಬೇಕಾಗುತ್ತದೆ.

ನಿಮ್ಮಲ್ಲಿ ಯಾವ ದಿನ ಎಷ್ಟು ಟ್ಯಾಂಕರ್ ಬಂತು ಎಂಬುದು ಸೆಕ್ಯುರಿಟಿಯವರ ರಿಜಿಸ್ಟರಿನಲ್ಲಿ ಇದ್ದೇ ಇರುತ್ತದೆ. ಖರ್ಚು ತೋರಿಸಲು ಅದನ್ನು ಬಳಸಿ. ಪ್ರತಿ ದಿನದ ಟ್ಯಾಂಕರ್ ಸಂಖ್ಯೆಯನ್ನು ಎಫ್ ಹೇಳುವ ಆ ದಿನದ ದರದಿಂದ ಗುಣಿಸಿ, ಕಮ್‌ಸಮ್ ಕಮಾಂಡ್‌ನಿಂದ ಕೂಡುತ್ತಾ ಹೋಗಿ, ಸ್ಮಾಲ್ ಎಸ್‌ನಲ್ಲಿ ಎಳೆಯಿರಿ. ಇದೂ ಮೆಟ್ಟಿಲೇ, ಹತ್ತುವ ಮೆಟ್ಟಿಲು ಮಾತ್ರ. ಟ್ಯಾಂಕರ್ ಬಾರದ ದಿನ ಅಡ್ಡ, ಬಂದ ದಿನ ಜಿಗಿತ. ದರದ ಗ್ರಾಫನ್ನು ಮೇಲೆ, ಇದನ್ನು ಕೆಳಗೆ, ಒಂದೇ ತಾರೀಖಿನ ಅಕ್ಷಕ್ಕೆ ಹೊಂದಿಸಿ ಇಟ್ಟರೆ ಮಾರ್ಚ್‌ನ ಆ ಹತ್ತು ದಿನ ಎಷ್ಟು ನುಂಗಿತು ಎಂದು ಕೇಳುವ ಮೊದಲೇ ಕಾಣುತ್ತದೆ.

ಕೊನೆಗೆ ಗೆರೆಯ ದಪ್ಪದ ಬಗ್ಗೆ. ಪ್ರೊಜೆಕ್ಟರಿಗೆಂದು ಸೆಗ್ಮೆಂಟ್ಸ್ ಕಮಾಂಡ್‌ನಲ್ಲಿ ಎಲ್‌ಡಬ್ಲ್ಯೂಡಿ 6, 8 ಎಂದು ಏರಿಸಿದರೆ ಮೆಟ್ಟಿಲುಗಳ ತುದಿ ಜಿಗಿತದ ತಾರೀಖನ್ನು ದಾಟಿ ಸ್ವಲ್ಪ ಮುಂದೆ ಚಾಚುತ್ತದೆ, ಯಾಕೆಂದರೆ ಆರ್ ಗೆರೆಯ ತುದಿಯನ್ನು ದುಂಡಗೆ ಮಾಡುತ್ತದೆ. ಪಾರ್‌ನಲ್ಲಿ ಎಲ್‌ಎಂಡ್‌ಗೆ "ಬಟ್" ಕೊಟ್ಟರೆ ತುದಿ ಚೌಕವಾಗಿ ಸರಿಯಾದ ದಿನಕ್ಕೇ ನಿಲ್ಲುತ್ತದೆ. ಜಿಯೋಮ್ ಸೆಗ್ಮೆಂಟ್‌ನಲ್ಲಿ ಮೊದಲೇ ಹಾಗಿದೆ. ಗ್ರಾಫಿನ ಕೆಳಗೆ ಒಂದು ಸಾಲು ಸೇರಿಸಿ: "ಪ್ರತಿ ದರ ಆಯಾ ತಾರೀಖಿನಿಂದ ಅನ್ವಯ, 12,000 ಲೀಟರ್ ಟ್ಯಾಂಕರಿಗೆ."